ಸಿನಿಮಾ ಛಾಯಾಗ್ರಹಣ ಪ್ರಶಸ್ತಿ: ಯಾರು ಕೊಡ್ತಾರೆ, ಯಾರಿಗೆ ಬಂದಿದೆ, ನಮ್ಮೂರ ಹುಡುಗರಿಗೆ ದಾರಿ ಯಾವುದು?

ಚಿಕ್ಕಮಗಳೂರು: ಮೂಡಿಗೆರೆ, ಕಳಸ ಕಡೆ ಶೂಟಿಂಗ್ ವ್ಯಾನ್ ಬಂದು ನಿಂತರೆ ಹೀರೊ ಯಾರು ಅಂತ ಕೇಳ್ತೀವಿ. ಕ್ಯಾಮೆರಾಮ್ಯಾನ್ ಯಾರು ಅಂತ ಕೇಳೋರು ಕಡಿಮೆ. ನಮ್ಮ ಮಂಜು, ಮಳೆ, ತೋಟದ ನೆರಳನ್ನು ಪರದೆಗೆ ತರೋದು ಅವರೇ. ಅವರ ಕೆಲಸಕ್ಕೆ ಸಿಗುವ ಪ್ರಶಸ್ತಿಗಳ ಮಾಹಿತಿ ಇಲ್ಲಿದೆ.

ರಾಷ್ಟ್ರ ಪ್ರಶಸ್ತಿ
ಕೇಂದ್ರ ಸರ್ಕಾರ 1967ರ ಚಿತ್ರಗಳಿಂದ ಛಾಯಾಗ್ರಹಣಕ್ಕೆ ಪ್ರತ್ಯೇಕ ಪ್ರಶಸ್ತಿ ಕೊಡುತ್ತಿದೆ. ಮೊದಮೊದಲು ಕಪ್ಪು-ಬಿಳುಪಿಗೆ ಒಂದು, ಬಣ್ಣದ ಚಿತ್ರಕ್ಕೆ ಒಂದು ಇತ್ತು. ಈಗ ಒಂದೇ: ರಜತ ಕಮಲ ಮತ್ತು 2 ಲಕ್ಷ ರೂ. ನಗದು.

ಕನ್ನಡಕ್ಕೆ ಬಂದದ್ದು
1976ರ ‘ಋಷ್ಯಶೃಂಗ’ ಚಿತ್ರಕ್ಕೆ ಎಸ್. ರಾಮಚಂದ್ರ ಈ ಪ್ರಶಸ್ತಿ ಪಡೆದರು. ಪಕ್ಕದ ಆಗುಂಬೆಯಲ್ಲಿ ನಡೆದ ‘ಮಾಲ್ಗುಡಿ ಡೇಸ್’ ಚಿತ್ರೀಕರಣಕ್ಕೂ ಇವರದ್ದೇ ಕ್ಯಾಮೆರಾ. 2002ರ ‘ದ್ವೀಪ’ಕ್ಕೆ ಎಚ್.ಎಂ. ರಾಮಚಂದ್ರ ಹಾಲ್ಕೆರೆ ಗೆದ್ದರು. ಮಲೆನಾಡಿನ ಮಳೆ, ಏರುವ ಹಿನ್ನೀರು ಆ ಚಿತ್ರದ ಜೀವಾಳ. ಬೆಳಕೇ ಇಲ್ಲದ ಮಳೆಗಾಲದಲ್ಲಿ ಕ್ಯಾಮೆರಾ ಹಿಡಿಯೋದು ಎಷ್ಟು ಕಷ್ಟ ಅಂತ ನಮ್ಮವರಿಗೆ ಹೇಳಬೇಕಿಲ್ಲ.

ಮೈಸೂರಿನ ವಿ.ಕೆ. ಮೂರ್ತಿ ಅವರದ್ದು ಇನ್ನೂ ದೊಡ್ಡ ಗೌರವ. ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕೆ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊ ಒಳಗೆ ಹಾಯಿಸಿ ಬೆಳಕಿನ ಕೋಲು ಮೂಡಿಸಿದವರು ಇವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಜಿಲ್ಲೆಯ ನಂಟು
ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣವಾದ ‘ಸಂಸ್ಕಾರ’ (1970) ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರವಾಯಿತು. ಅದರ ಛಾಯಾಗ್ರಾಹಕ ಆಸ್ಟ್ರೇಲಿಯಾದ ಟಾಮ್ ಕೋವನ್. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅವರ ಕಥೆ ಆಧರಿಸಿದ ‘ತಬರನ ಕಥೆ’ಗೂ 1986ರಲ್ಲಿ ಅದೇ ಗೌರವ. ಅದರ ಕ್ಯಾಮೆರಾ ಮಧು ಅಂಬಟ್ ಅವರದ್ದು. ಛಾಯಾಗ್ರಹಣದ ರಾಷ್ಟ್ರ ಪ್ರಶಸ್ತಿ ಇವರಿಗೆ ಮೂರು ಸಲ ಬಂದಿದೆ. ಮೊದಲನೆಯದು ಜಿ.ವಿ. ಅಯ್ಯರ್ ಅವರ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ಕ್ಕೆ.

ರಾಜ್ಯ ಪ್ರಶಸ್ತಿ
ರಾಜ್ಯ ಸರ್ಕಾರವೂ ಅತ್ಯುತ್ತಮ ಛಾಯಾಗ್ರಾಹಕರನ್ನು ಆಯ್ಕೆ ಮಾಡುತ್ತದೆ. ಆದರೆ ತಡ ಜಾಸ್ತಿ. 2019ರ ಪಟ್ಟಿ ಹೊರಬಿದ್ದದ್ದು 2025ರ ಜನವರಿಯಲ್ಲಿ. ನಟರಿಗೆ ಅಷ್ಟರಲ್ಲಿ ಹತ್ತು ಸನ್ಮಾನ ಆಗಿರುತ್ತೆ. ತೆರೆಮರೆಯಲ್ಲಿ ದುಡಿಯುವವರಿಗೆ ಆರು ವರ್ಷ ಅಂದ್ರೆ ಸಣ್ಣ ಮಾತಲ್ಲ.

ನಮ್ಮೂರ ಹುಡುಗರಿಗೆ
ಮದುವೆ ವಿಡಿಯೊ, ಕಿರುಚಿತ್ರ ಮಾಡುವವರು ಗಮನಿಸಿ:
• ರಾಷ್ಟ್ರ ಪ್ರಶಸ್ತಿಗೆ ಚಿತ್ರಕ್ಕೆ ಆಯಾ ವರ್ಷ ಸೆನ್ಸಾರ್ ಪ್ರಮಾಣಪತ್ರ ಆಗಿರಬೇಕು. ಯೂಟ್ಯೂಬ್‌ಗೆ ಹಾಕಿದರಷ್ಟೇ ಸಾಲದು.
• ಸ್ಪರ್ಧೆಗೆ ಹೋಗುವುದು ಚಿತ್ರ. ಹಾಗಾಗಿ ಅರ್ಜಿ ಹಾಕುವ ಬಗ್ಗೆ ನಿರ್ಮಾಪಕರ ಜತೆ ಮೊದಲೇ ಮಾತಾಡಿಕೊಳ್ಳಿ.
• ಕಿರುಚಿತ್ರ, ಸಾಕ್ಷ್ಯಚಿತ್ರಗಳ ವಿಭಾಗದಲ್ಲೂ ಛಾಯಾಗ್ರಹಣಕ್ಕೆ ಬೇರೆ ಪ್ರಶಸ್ತಿ ಇದೆ.

ಮುಂದಿನ ಸಲ ನಮ್ಮ ಗುಡ್ಡ ಪರದೆ ಮೇಲೆ ಕಂಡರೆ ತಕ್ಷಣ ಎದ್ದು ಹೋಗಬೇಡಿ. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ‘ಛಾಯಾಗ್ರಹಣ’ ಅಂತ ಇರೋದನ್ನು ಒಮ್ಮೆ ಓದಿ.