ಕಾವಲಿನ ಭಾರ: ಕೊರಿಯಾದಲ್ಲಿ ಭಾರತೀಯ ಪಡೆ, 1953–54

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಪಾಲನಾ ಸೇವೆಗೆ ತೆರಳುವ ಗುರುಗಳು ಸೇನೆಗೆ ಮಕ್ಕಳನ್ನು ಕಳುಹಿಸಿದ ಮನೆಗಳನ್ನೂ ಕಾಣುತ್ತಾರೆ. 1963ರಿಂದ ಸೈನಿಕ ಶಾಲೆಯೊಂದು ವಿಜಯಪುರದಲ್ಲೇ ಇದೆ. ಯುದ್ಧಕ್ಕೆ ಹೋಗಿ ಬಂದವನ ನೋವನ್ನು ಊರು ಹೇಗೋ ಊಹಿಸುತ್ತದೆ. ಪರದೇಶದಲ್ಲಿ ಶಾಂತಿ ಕಾಯಲು ಹೋದವನ ನೋವು ಎಂಥದು? ಈ ಪ್ರಶ್ನೆಗೆ ನಮ್ಮ ನಾಡಿನ ಸೇನಾನಿಯೊಬ್ಬರ ಚರಿತ್ರೆ ಬೆಳಕು ಚೆಲ್ಲುತ್ತದೆ.

1953ರ ಜುಲೈ 27ರಂದು ಕೊರಿಯಾ ಯುದ್ಧವಿರಾಮಕ್ಕೆ ಸಹಿಯಾಯಿತು. ಸ್ವದೇಶಕ್ಕೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯವನ್ನು ನಿರ್ಧರಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು ಅಧ್ಯಕ್ಷರಾದರು. ಕೈದಿಗಳ ಕಾವಲು ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟರ ನೇತೃತ್ವದ ಭಾರತೀಯ ಪಡೆಯದಾಯಿತು. ದಕ್ಷಿಣ ಕೊರಿಯಾ ಈ ಸೈನಿಕರು ತನ್ನ ನೆಲವನ್ನು ಮೆಟ್ಟಲೂ ಬಿಡಲಿಲ್ಲ. ಹಡಗಿನಿಂದಿಳಿದವರನ್ನು ಹೆಲಿಕಾಪ್ಟರುಗಳಲ್ಲಿ ನಿಸ್ಸೈನ್ಯ ವಲಯಕ್ಕೆ ಒಯ್ಯಬೇಕಾಯಿತು.

ಅಲ್ಲಿ ಅವರಿಗೆ ಶತ್ರುವಿರಲಿಲ್ಲ, ಆದರೂ ನೆಮ್ಮದಿಯಿರಲಿಲ್ಲ. ತಂತಿಬೇಲಿಯೊಳಗೆ ಕೈದಿಗಳ ಸಂಘಟಿತ ಗುಂಪುಗಳು ತಾಯ್ನಾಡಿಗೆ ಮರಳಬಯಸಿದ ಜೊತೆಗಾರರನ್ನೇ ಕೊಂದವು. ಬಲಪ್ರಯೋಗ ಮಾಡಿದರೆ ರಕ್ತಪಾತ, ಮಾಡದಿದ್ದರೆ ಅನ್ಯಾಯಕ್ಕೆ ಮೂಕಸಾಕ್ಷಿ. ಗಲಭೆಗಳಲ್ಲಿ ಕಾವಲುಗಾರರ ಗುಂಡಿಗೆ ಕೆಲವು ಕೈದಿಗಳು ಬಲಿಯಾದರು. ಎರಡೂ ಪಕ್ಷಗಳು ಭಾರತವನ್ನು ದೂಷಿಸಿದವು. ಆಘಾತೋತ್ತರ ಒತ್ತಡವೆಂಬ ರೋಗನಾಮ ಅಮೆರಿಕದ ಮನೋವೈದ್ಯಕೀಯ ವರ್ಗೀಕರಣವನ್ನು ಸೇರಿದ್ದು 1980ರಲ್ಲಿ. 1953ರ ಸೈನಿಕನಿಗೆ ತನ್ನ ಅಳಲನ್ನು ಹೇಳಿಕೊಳ್ಳಲು ಆ ಹೆಸರೂ ಇರಲಿಲ್ಲ.

ಆದರೂ ಆ ಪಡೆ ಕುಸಿಯಲಿಲ್ಲ. ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ಹಿಡಿದಿಟ್ಟಾಗ ಥೋರಾಟರು ತಾವೇ ಒಳಹೊಕ್ಕು ಮಾತಿನಿಂದಲೇ ಬಿಡಿಸಿ ತಂದರು. ಅಪಾಯದಲ್ಲಿ ನಾಯಕನೇ ಮುಂದಿರುವುದು, ಕರ್ತವ್ಯಕ್ಕೆ ಗೊತ್ತಾದ ಅವಧಿಯಿರುವುದು, ಕೈದಿಯಲ್ಲೂ ಮನುಷ್ಯನನ್ನೇ ಕಾಣುವುದು: ಮನೋಬಲದ ಆಸರೆಗಳನ್ನು ನಾನು ಇವುಗಳಲ್ಲಿ ಗುರುತಿಸುತ್ತೇನೆ.

ತಿಮ್ಮಯ್ಯನವರು ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ, 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅದಕ್ಕೆ ಹನ್ನೊಂದು ದಿನಗಳ ಮುಂಚೆ ದ್ವಿತೀಯ ವ್ಯಾಟಿಕನ್ ಮಹಾಸಭೆ ಘೋಷಿಸಿದ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನವು, ಸೈನಿಕನು ಜನರ ಭದ್ರತೆ ಮತ್ತು ಸ್ವಾತಂತ್ರ್ಯದ ಸೇವಕನಾಗಿ ನಡೆದುಕೊಂಡರೆ ಶಾಂತಿಗೆ ನಿಜವಾದ ಕಾಣಿಕೆ ಸಲ್ಲಿಸುತ್ತಾನೆಂದು ಬೋಧಿಸಿತು.

ಈ ಬೋಧನೆಯನ್ನು ನಾವು ಗುರುಮಠದಲ್ಲಿ ಕಲಿಸುತ್ತೇವೆ. ಆದರೆ ಆ ಕಾಣಿಕೆಯ ಬೆಲೆ ತೆತ್ತವನು ಮನೆಗೆ ಮರಳಿದಾಗ ಹೇಳಲು ಗೆಲುವಿನ ಕಥೆಯಿರುವುದಿಲ್ಲ. ತಡೆಯಲಾಗದ ಸಾವುಗಳ ನೆನಪಿರುತ್ತದೆ. ಅದು ಪಾಪವಲ್ಲದಿದ್ದರೂ ಪಾಪಪ್ರಜ್ಞೆಯಂತೆ ಕಾಡೀತು. ಅವಸರದ ಕ್ಷಮಾವಚನ ಅದಕ್ಕೆ ಮದ್ದಲ್ಲ. ಕೀರ್ತನೆಗಳ ಪ್ರಲಾಪವನ್ನು ಬಲ್ಲ ಧರ್ಮಸಭೆ ಮೊದಲು ಅವನ ಬಳಿ ಕುಳಿತು ಕೇಳಬೇಕು. ಅಗತ್ಯವಿದ್ದಲ್ಲಿ ವೈದ್ಯರ ಬಳಿಗೂ ಜೊತೆಯಲ್ಲಿ ನಡೆಯಬೇಕು. ಶಾಂತಿಸಾಧಕರ ಭಾಗ್ಯವನ್ನು ಸಾರುವವರಿಗೆ ಅವರ ಗಾಯವನ್ನು ಕಾಣುವ ಹೊಣೆಯೂ ಇದೆ.