ಉಬ್ಬರ ಇಳಿತದ ಬೇಲಿ: ಹದ್ರಾ ಮತ್ತು ಗಜನಿ

ದುಬೈ, ಅಬುಧಾಬಿಗಳ ಚರಿತ್ರೆ ಎಂದರೆ ನಮಗೆ ಮೊದಲು ನೆನಪಾಗುವುದು ಮುತ್ತು, ಆಮೇಲೆ ತೈಲ. ಆದರೆ ಮುತ್ತಿನ ದೊಡ್ಡ ಹಂಗಾಮು ಬೇಸಿಗೆಯ ಸುಮಾರು ನಾಲ್ಕು ತಿಂಗಳು ಮಾತ್ರ. ಕಡಲತೀರದ ಮನೆಗಳಲ್ಲಿ ವರ್ಷವಿಡೀ ಒಲೆ ಉರಿಸಿದ್ದು ಮೀನು. ದೋಣಿ ಇಲ್ಲದೆಯೂ ಅದನ್ನು ಹಿಡಿಯುವ ಒಂದು ಉಪಾಯ ಇಲ್ಲಿಯ ಜನರಿಗೆ ಗೊತ್ತಿತ್ತು. ಅದರ ಹೆಸರು ಹದ್ರಾ. ಅರಬಿ ಭಾಷೆಯಲ್ಲಿ ಅದಕ್ಕೆ ಬೇಲಿ ಹಾಕಿದ ಆವರಣ ಎಂಬ ಅರ್ಥವಿದೆ.

ಈ ಕೊಲ್ಲಿ ಬಹಳ ಆಳವಿಲ್ಲದ ಸಮುದ್ರ. ಸರಾಸರಿ ಆಳ ಸುಮಾರು 35 ಮೀಟರ್ ಅಷ್ಟೇ. ಅಬುಧಾಬಿಯ ತೀರದಲ್ಲಂತೂ ನೆಲ ಎಷ್ಟು ಸಮತಟ್ಟಾಗಿದೆ ಎಂದರೆ, ಇಳಿತದ ಹೊತ್ತಿಗೆ ನೀರು ದೂರದವರೆಗೆ ಹಿಂದೆ ಸರಿಯುತ್ತದೆ. ಹದ್ರಾ ಕಟ್ಟಿದವರು ಇದನ್ನೇ ಬಳಸಿಕೊಂಡರು. ಖರ್ಜೂರದ ಗರಿಯ ದಿಂಡುಗಳನ್ನು ಹಗ್ಗದಿಂದ ಹೆಣೆದು, ದಡದಿಂದ ಆಳದ ಕಡೆಗೆ ಉದ್ದನೆಯ ಬೇಲಿ ನೆಡುತ್ತಿದ್ದರು. ಅದರ ತುದಿಯಲ್ಲಿ ಬಾಣದ ಮೊನೆಯಂಥ ಆವರಣ, ಅದರೊಳಗೆ ಇನ್ನೊಂದು ಚಿಕ್ಕ ಕೋಣೆ. ಉಬ್ಬರದಲ್ಲಿ ಮೀನು ದಡದ ಹತ್ತಿರ ಮೇಯಲು ಬರುತ್ತದೆ. ನೀರು ಇಳಿಯುವಾಗ ಹಿಂದಿರುಗುವ ಮೀನಿಗೆ ಬೇಲಿ ಅಡ್ಡ ಸಿಕ್ಕರೆ, ಅದು ಬೇಲಿಯ ಪಕ್ಕದಲ್ಲೇ ಆಳದ ಕಡೆಗೆ ಈಜುತ್ತದೆ. ಹಾಗೆ ಈಜುತ್ತಾ ಆ ಕೋಣೆಯೊಳಗೆ ಸೇರುತ್ತದೆ. ಇಳಿತದಲ್ಲಿ ಮನೆಯವರು ಬುಟ್ಟಿ ಹಿಡಿದು ನಡೆದುಹೋಗಿ ಸಾಫಿಯಂಥ ಮೀನುಗಳನ್ನು ತುಂಬಿಕೊಂಡು ಬರುತ್ತಿದ್ದರು.

ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಜಾಣತನಕ್ಕಿಂತ ಮಿತಿ. ಬೇಲಿ ಮೀನನ್ನು ಬೆನ್ನಟ್ಟಿ ಹೋಗುವುದಿಲ್ಲ. ಸಮುದ್ರ ಯಾವಾಗ ಕೊಡುತ್ತದೋ ಆಗ ಮಾತ್ರ ತೆಗೆದುಕೊಳ್ಳಬೇಕು. ಗರಿಯೂ ಉಪ್ಪುನೀರಿನಲ್ಲಿ ಬಹುಕಾಲ ಬಾಳುವುದಿಲ್ಲ. ರಿಪೇರಿ ಮಾಡುವ ಕೈ ನಿಂತರೆ ಬೇಲಿ ತಾನಾಗಿಯೇ ಕೊಳೆತು ಹೋಗುತ್ತದೆ.

ಗರಿಯ ಜಾಗಕ್ಕೆ ಲೋಹದ ತಂತಿ ಬಂದಾಗ ಈ ಮಿತಿ ಸಡಿಲವಾಯಿತು. ಇದು ಸ್ಪಷ್ಟವಾಗಿ ಕಾಣುವುದು ಹದ್ರಾದ ಸಂಬಂಧಿಯಾದ ಗರ್ಗೂರ್‌ನಲ್ಲಿ. ಗುಮ್ಮಟದ ಆಕಾರದ ಈ ಬುಟ್ಟಿಯನ್ನು ಸಮುದ್ರದ ತಳಕ್ಕೆ ಇಳಿಸುತ್ತಾರೆ. ಹಿಂದೆ ಇದನ್ನೂ ಖರ್ಜೂರದ ಗರಿಯಿಂದಲೇ ಹೆಣೆಯುತ್ತಿದ್ದರು, ಆಮೇಲೆ ತಂತಿಯಿಂದ. ತಂತಿಯ ಗರ್ಗೂರ್ ಸಮುದ್ರದಲ್ಲಿ ಕಳೆದುಹೋದರೂ ಯಾರಿಗೂ ಬೇಡದ ಮೀನನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಹಮೂರ್, ಶೇರಿ ಮೀನುಗಳು ತೀರಾ ಕಡಿಮೆಯಾದ ಮೇಲೆ, 2019ರಲ್ಲಿ ಅಬುಧಾಬಿಯ ಪರಿಸರ ಸಂಸ್ಥೆ ಗರ್ಗೂರ್ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಖರ್ಜೂರದ ಮರಕ್ಕೆ ಸಂಬಂಧಿಸಿದ ಜ್ಞಾನ ಮತ್ತು ಕೌಶಲಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಗರಿ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಕಾನೂನು ಮಾಡಬೇಕಾಯಿತು.

ಹಾಗೆಂದು ಹಳೆಯ ವಿಧಾನವೆಲ್ಲ ನಿರುಪದ್ರವಿ ಎನ್ನುವಂತಿಲ್ಲ. ದಲಾಲ್ ಅಲ್ ಅಬ್ದುಲ್‌ರಝಾಕ್ ಮತ್ತು ಡೇನಿಯಲ್ ಪಾಲಿ ಎಂಬ ವಿಜ್ಞಾನಿಗಳು ಗೂಗಲ್ ಅರ್ಥ್ ಚಿತ್ರಗಳಲ್ಲಿ ಕೊಲ್ಲಿಯ ತೀರದ ಮೀನುಬೇಲಿಗಳನ್ನು ಎಣಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. 2005ರಲ್ಲಿ ಸುಮಾರು 1,900 ಬೇಲಿಗಳಿದ್ದವು, ಅವು ಹಿಡಿದ ಮೀನು ಸುಮಾರು 31,000 ಟನ್ ಇರಬಹುದು ಎಂಬುದು ಅವರ ಅಂದಾಜು. ದೇಶಗಳು ಕೊಟ್ಟ ಅಧಿಕೃತ ಲೆಕ್ಕ 5,260 ಟನ್. ಬಾಹ್ಯಾಕಾಶದಿಂದ ಕಾಣುವಷ್ಟು ದೊಡ್ಡ ಬೇಲಿಯ ಮೀನಿನಲ್ಲಿ ಆರರಲ್ಲಿ ಐದು ಪಾಲು ಕಾಗದದ ಮೇಲೆ ಇರಲೇ ಇಲ್ಲ! ಲೆಕ್ಕವಿಲ್ಲದಿದ್ದರೆ ಮಿತಿ ಮೀರಿದ್ದು ಗೊತ್ತಾಗುವುದು ಹೇಗೆ?

ಅರಬ್ಬಿ ಸಮುದ್ರದ ಆಚೆ ಬದಿಯಲ್ಲಿ, ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಉಬ್ಬರ ಇಳಿತವನ್ನು ನಂಬಿದ ಮತ್ತೊಂದು ಪದ್ಧತಿ ಇದೆ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಗಜನಿ ಎಂಬ ತಗ್ಗು ಗದ್ದೆಗಳಿವೆ. ಮಳೆಗಾಲದಲ್ಲಿ ಮಳೆ ಉಪ್ಪನ್ನು ತೊಳೆದ ಮೇಲೆ ರೈತರು ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಒಡ್ಡಿನ ತೂಬು ತೆರೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಮೀನು, ಸಿಗಡಿ ಬಂದು ಭತ್ತದ ಕೂಳೆಯ ನಡುವೆ ಬೆಳೆಯುತ್ತವೆ. ಇಳಿತದಲ್ಲಿ ತೂಬಿಗೆ ಬಲೆ ಕಟ್ಟಿದರೆ ಸಾಕು. ಭತ್ತದ ಕಾಲಕ್ಕೆ ಮೀನಿಗೆ ಬಿಡುವು, ಮೀನಿನ ಕಾಲಕ್ಕೆ ನೆಲಕ್ಕೆ ಗೊಬ್ಬರ.

ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದಾಗ ಈ ಸರದಿಯೂ ತಪ್ಪಿತು. ಅನೇಕ ಗಜನಿಗಳಲ್ಲಿ ಕಗ್ಗ ನಿಂತುಹೋಗಿ ಉಪ್ಪುನೀರೇ ಉಳಿಯಿತು. 1996ರ ಡಿಸೆಂಬರ್‌ನಲ್ಲಿ ಭಾರತದ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ವಾಣಿಜ್ಯ ಸಿಗಡಿ ಕೊಳಗಳನ್ನು ತೆಗೆಸಲು ಆದೇಶಿಸಿತು. ಸಾಂಪ್ರದಾಯಿಕ ಪದ್ಧತಿಯನ್ನು ಮಾತ್ರ ಅದರಿಂದ ಹೊರಗಿಟ್ಟಿತು. 2024ರಲ್ಲಿ ಅಘನಾಶಿನಿಯ ಅಳಿವೆ ರಾಮ್ಸರ್ ತಾಣವಾಯಿತು. ಇಲ್ಲಿಯೂ ಸರದಿ ತಪ್ಪಿದ ಮೇಲೆಯೇ ಕಾನೂನು ಬಂತು.

ಈ ಎರಡು ತೀರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು: ಹಳೆಯದು ಎಂಬ ಕಾರಣಕ್ಕೆ ಒಂದು ಪದ್ಧತಿ ಒಳ್ಳೆಯದಾಗುವುದಿಲ್ಲ. ಅದರೊಳಗೆ ಬಿಡುವು ಇತ್ತೇ, ಆ ಬಿಡುವನ್ನು ಯಾರು ಕಾಯುತ್ತಿದ್ದರು ಎಂಬುದನ್ನು ನೋಡಬೇಕು. ಹದ್ರಾದಲ್ಲಿ ಗರಿ ಕಾಯುತ್ತಿತ್ತು, ಗಜನಿಯಲ್ಲಿ ಕಗ್ಗ. ಇಂಥ ಸಂಗತಿಗಳು ಕಡತಗಳಿಗಿಂತ ಹೆಚ್ಚಾಗಿ ಜನರ ನೆನಪಿನಲ್ಲಿರುತ್ತವೆ. ನಮ್ಮ ಪಾಠಶಾಲೆಯ ಪೋಷಕರಲ್ಲಿ ಕರಾವಳಿಯವರು ಇದ್ದೀರಿ. ನಿಮ್ಮೂರಿನಲ್ಲಿ ಯಾವ ತಿಂಗಳಲ್ಲಿ ಬಲೆ ಹಾಕುತ್ತಿರಲಿಲ್ಲ, ಏಕೆ ಹಾಕುತ್ತಿರಲಿಲ್ಲ ಎಂದು ನಮಗೆ ಹೇಳಿ. ಕನ್ನಡದಲ್ಲಿ ಬರೆದಿಡುವುದನ್ನು ನಾವು ಕಲಿತಿದ್ದೇವೆ.