ಅವ್ವನ ಜಾಳಿಗಿ ಚೀಲ

ಹೋದ ವಾರ ಹುಮನಾಬಾದ್ ಸಂತೆಗೆ ಬರಿಗೈಲಿ ಹೋಗಿದ್ದೆ. ಕಾಯಿಪಲ್ಯೆ ಮತ್ತೆ ಕ್ಯಾರಿಬ್ಯಾಗಿನಲ್ಲೇ ಬಂತು. ಕರ್ನಾಟಕದಲ್ಲಿ ಅದು 2016ರಲ್ಲೇ ಬ್ಯಾನ್ ಆಗಿದೆ! ಅವ್ವ ಕೇಳಿದ್ದು ಒಂದೇ ಮಾತು: "ನಾ ಹೆಣೆದುಕೊಟ್ಟ ಜಾಳಿಗಿ ಚೀಲ ಎಲ್ಲಿಟ್ಟಿ?" ಬೈಕಿನ ಡಿಕ್ಕಿಯಲ್ಲೇ ಇತ್ತು.

ಈ ನೂಲಿನ ಜಾಳಿಗಿ ಚೀಲಕ್ಕೂ ಒಂದು ಕಥೆ ಇದೆ. 1920ರ ದಶಕ, ಚೆಕೊಸ್ಲೊವಾಕಿಯಾ. ವಾವ್ರಿನ್ ಕ್ರಚಿಲ್ ಅನ್ನೋ ವ್ಯಾಪಾರಿ ಹೆಂಗಸರ ತಲೆಗೂದಲಿಗೆ ಹಾಕುವ ಬಲೆ ಮಾರುತ್ತಿದ್ದ. ಗಿಡ್ಡ ಕೂದಲಿನ ಫ್ಯಾಶನ್ ಬಂತು, ಮಾಲು ಹೋಗದಂಗಾಯ್ತು. ಬಲೆಗೆ ಹಿಡಿಕೆ ಹಚ್ಚಿದ, ಚೀಲ ಆಯ್ತು ಅಂತಾರೆ. ಬಿಕಾಂ ಓದಿದ ನನಗೆ ಈ ಲೆಕ್ಕ ಬಹಳ ಇಷ್ಟ.

ಸೋವಿಯತ್ ರಷ್ಯಾದಲ್ಲಿ ಇಂಥ ಚೀಲದ ಹೆಸರು 'ಅವೋಸ್ಕಾ', ಅಂದರೆ 'ಏನಾದರೂ ಸಿಕ್ಕೀತು' ಚೀಲ. ಅಂಗಡಿಗೆ ಯಾವಾಗ ಏನು ಬರುತ್ತೋ ಗೊತ್ತಿಲ್ಲ, ಹಾಗಾಗಿ ಅದು ಸದಾ ಜೇಬಲ್ಲಿ.

ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್ ಅವರದು. ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1965ರಲ್ಲಿ. ಅವರೂ ಅದನ್ನು ಮಡಚಿ ಜೇಬಲ್ಲಿಟ್ಟು ಮತ್ತೆ ಮತ್ತೆ ಬಳಸುತ್ತಿದ್ದರಂತೆ, ಮಗ ಹೇಳಿದ್ದಾರೆ. ಎಸೆಯೋದು ಕಲಿತವರು ನಾವು.

12ನೇ ಶತಮಾನದಲ್ಲಿ ನಮ್ಮ ಕಲ್ಯಾಣದ ಶರಣ ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆದು ಮಾರಿ ದಾಸೋಹ ಮಾಡಿದರು. ಹೊಸೆದ ಕೈಗೆ ಗೊತ್ತು ಹಗ್ಗದ ಬೆಲೆ. ಅವ್ವನ ಚೀಲ ಈಗ ಡಿಕ್ಕಿಯಲ್ಲಿಲ್ಲ, ನನ್ನ ಜೇಬಲ್ಲಿದೆ. ನಿಮ್ಮದು?